ಚೇರ್‌ಮನ್ನರಿಗೊಂದು ಪೊಟ್ಟಣ ಒಣಸಿಗಡಿ

ಸಾಬೂನಿನ ಹೊದಿಕೆಯನ್ನು ಜಲಜಕ್ಕ ಎಂದೂ ಹರಿಯುತ್ತಿರಲಿಲ್ಲ. ಅಂಟಿಸಿದ ಅಂಚನ್ನು ಉಗುರಿನಿಂದ ಮೆಲ್ಲಗೆ ಬಿಡಿಸಿ, ಕಾಗದವನ್ನು ಅಂಗೈಯಿಂದ ನೀವಿ, ರೇಷ್ಮೆ ಸೀರೆಗಳ ಮಡಿಕೆಯೊಳಗೆ ಇಡುತ್ತಿದ್ದರು. ಹೀಗಾಗಿ ಮದುವೆಮನೆಗಳಲ್ಲಿ ಅವರು ಕಣ್ಣಿಗೆ ಬೀಳುವ ಮೊದಲೇ ಬಂದದ್ದು ಗೊತ್ತಾಗುತ್ತಿತ್ತು. "ನಮ್ಮ ಕಂಪೆನಿಯ ಸೆಂಟು" ಎನ್ನುತ್ತಿದ್ದರು.

ಕಾಮೋಠೆಯಲ್ಲಿ ನಮ್ಮ ಎದುರಿನ ಫ್ಲಾಟು ಅವರದು. ಊರು ಕುಂದಾಪುರದ ಕಡೆಯ ಕಡಲತೀರ. ಗಂಡ ತುರ್ಭೆಯ ಸಾಬೂನು ಕಾರ್ಖಾನೆಯ ಕ್ಯಾಂಟೀನ್ ನೋಡಿಕೊಳ್ಳುತ್ತಿದ್ದವರು. ಅವರು ತೀರಿಕೊಂಡಾಗ ಜಲಜಕ್ಕನಿಗೆ ಉಳಿದದ್ದು ಈ ಫ್ಲಾಟು ಮತ್ತು ಕಂಪೆನಿಯ ಒಂದಷ್ಟು ಷೇರು. ಆ ಹೊತ್ತಿಗೆ ಕಂಪೆನಿ ಸಾಬೂನಿನದಷ್ಟೇ ಆಗಿ ಉಳಿದಿರಲಿಲ್ಲ. ಸಿಮೆಂಟು, ವಿಮೆ, ಮೊಬೈಲು, ವಿದ್ಯುತ್ತು, ಹೊರದೇಶದಲ್ಲಿ ಗಣಿ. ಒಂದೊಂದನ್ನೂ ಜಲಜಕ್ಕ ಮನೆಯಲ್ಲಿ ಮಗು ಹುಟ್ಟಿದಂತೆ ಹೇಳುತ್ತಿದ್ದರು.

"ಇವರು ಕೆಲಸಕ್ಕೆ ಸೇರುವಾಗ ಎಂತ ಇತ್ತು ಮಾರಾಯ್ತಿ? ಒಂದು ಶೆಡ್ಡು, ಒಂದು ಬಾಯ್ಲರು. ಈಗ ವಿಮಾನದಿಂದ ಇಳಿದರೂ ನಮ್ಮದೇ ಬೋರ್ಡು."

ಪತ್ರಿಕೆಗಳಲ್ಲಿ ಬೇರೆ ಸುದ್ದಿಗಳೂ ಬರುತ್ತಿದ್ದವು: ಅಗ್ಗಕ್ಕೆ ಸಿಕ್ಕ ಜಮೀನು, ಮಂತ್ರಿಗಳ ಜೊತೆಗಿನ ಒಡನಾಟ, ತೀರಿಸದ ಸಾಲ. ನಾನು ಓದಿ ಹೇಳಿದರೆ ಒಗ್ಗರಣೆಯಿಂದ ಕಣ್ಣು ತೆಗೆಯದೆ ಕೇಳುತ್ತಿದ್ದರು. "ದೊಡ್ಡವರಾದ ಮೇಲೆ ನಾಲ್ಕು ಜನ ಆಡಿಕೊಳ್ತಾರೆ. ನಮ್ಮ ಸೊಸೈಟಿ ಸೆಕ್ರೆಟರಿಗೆ ಎಷ್ಟು ಹೇಳ್ತಾರೆ? ಅವನ ಕೈಯಲ್ಲಿ ಒಂದು ಕೆಟ್ಟ ಲಿಫ್ಟು ಬಿಟ್ಟರೆ ಎಂತ ಉಂಟು?"

ವರ್ಷಕ್ಕೊಮ್ಮೆ ವಾಶಿಯಲ್ಲಿ ನಡೆಯುವ ಷೇರುದಾರರ ಸಭೆ ಅವರಿಗೆ ಹಬ್ಬ. ಒಂದೇ ಷೇರು ಇದ್ದರೂ ಸಾಕು, ಹೆಸರು ಕೊಟ್ಟರೆ ಮೈಕಿನ ಮುಂದೆ ನಿಂತು ಮಾತಾಡಬಹುದು. ಹೆಚ್ಚಿನವರು ಹೊಗಳಿ ಕೂರುತ್ತಾರೆ. ಜಲಜಕ್ಕನ ಹಿಂದಿಯಲ್ಲಿ ಚೇರ್‌ಮನ್ನರು ಒಂದೇ ವಾಕ್ಯದಲ್ಲಿ ಅಣ್ಣನೂ ದೇವರೂ ಆಗಿಬಿಡುತ್ತಿದ್ದರು.

ಆಮೇಲೊಂದು ವರ್ಷ ಕಂಪೆನಿ ಬಂದರು ಕಟ್ಟಲು ಹೊರಟಿತು. ಅದಕ್ಕೆ ಆರಿಸಿದ ಜಾಗ, ಊರಿನಲ್ಲಿ ಜಲಜಕ್ಕನ ತಂಗಿ ಮತ್ತು ಅಕ್ಕಪಕ್ಕದ ಹೆಂಗಸರು ಮೀನು ಒಣಗಿಸುವ ಮರಳದಂಡೆ. ಬೇಸಿಗೆಯಲ್ಲಿ ಅಲ್ಲಿ ಒಣಗಿಸಿದ್ದನ್ನು ಮಾರಿಯೇ ಅವರು ಮಳೆಗಾಲ ಕಳೆಯುವುದು. ಬೇಲಿ ಹಾಕಲು ಅಳತೆ ಮಾಡಿ ಹೋಗಿದ್ದಾರೆ ಎಂದು ತಂಗಿ ಫೋನ್ ಮಾಡಿದಳು. ಜಲಜಕ್ಕ ಕೆಲವು ದಿನ ಬಿಟ್ಟು ಒಂದು ಬೆಳಿಗ್ಗೆ ನಮ್ಮ ಬಾಗಿಲಿಗೆ ಬಂದರು.

"ಈ ಸಲ ನೀನೂ ಸಭೆಗೆ ಬಾ. ಅವರ ಅನ್ನ ತಿಂದ ಬಾಯಿ, ನನಗೆ ಬಯ್ಯಲಿಕ್ಕೆ ಬರುವುದಿಲ್ಲ. ಆದರೆ ತಂಗಿಯ ದಂಡೆ ಹೋಗಬಾರದು."

"ಬಯ್ಯುವುದು ಬೇಡ, ಕೇಳಿ" ಎಂದೆ.

"ಕೇಳಲಿಕ್ಕೆ ಬರಿಗೈಯಲ್ಲಿ ಹೋಗುವುದು ಹೇಗೆ?"

ಅದರ ಅರ್ಥ, ಅವರ ಜೊತೆಗಾರ್ತಿಯೆಂದು ಒಳಗೆ ಹೋದ ನನಗೆ ಸಭೆಯಲ್ಲಿ ಆಯಿತು. ಮೈಕಿನ ಮುಂದೆ ನಿಂತು ಅವರು ಚೀಲದಿಂದ ಒಂದು ಪೊಟ್ಟಣ ತೆಗೆದು ಬಿಚ್ಚಿದರು. ಏರ್‌ಕಂಡೀಷನ್ ಮಾಡಿದ ಆ ಸಭಾಗೃಹದಲ್ಲಿ ಒಣಸಿಗಡಿಯ ವಾಸನೆ ಮೊದಲ ಸಾಲಿನಿಂದ ಕೊನೆಯ ಸಾಲಿಗೆ ನಡೆದು ಹೋದದ್ದನ್ನು ತಿರುಗಿದ ತಲೆಗಳಲ್ಲೇ ನೋಡಬಹುದಿತ್ತು.

"ಚೇರ್‌ಮನ್ ಸಾಬ್, ಯೇ ಹಮಾರಾ ದಂಡೆ ಕಾ ಸೂಕಾ ಝಿಂಗಾ. ಪೆಹಲೇ ಖಾಕೇ ದೇಖೋ."

ಮೊದಲು ತಿಂದು ನೋಡಿ, ಆಮೇಲೆ ಅಲ್ಲಿ ಬಂದರು ಬೇಕೋ ಬೇಡವೋ ಹೇಳಿ ಎಂದರು. ಚೇರ್‌ಮನ್ನರದು ಈರುಳ್ಳಿಯನ್ನೂ ಮನೆಯೊಳಗೆ ಬಿಡದ ಮನೆತನ. ವೇದಿಕೆಯ ಮೇಲಿನ ಕುರ್ಚಿಗಳು ಒಟ್ಟಾಗಿ ಹಿಂದೆ ಸರಿದವು. ಪೊಟ್ಟಣ ತೆಗೆದುಕೊಳ್ಳಲು ಬಂದ ಅಧಿಕಾರಿ ಅದನ್ನು ಮೈಗೆ ತಾಗದಂತೆ ತೋಳು ನೀಡಿ ಹಿಡಿದು ನಿಂತ. ಆಗ ಹಿಂದಿನ ಸಾಲಿನ ಮುದುಕರೊಬ್ಬರು ಮರಾಠಿಯಲ್ಲಿ, ಸಾಹೇಬರಿಗೆ ಬೇಡವಾದರೆ ಇತ್ತ ಕೊಡಿ ಎಂದರು.

ಸಭೆಯೇ ನಕ್ಕಿತು. ಚೇರ್‌ಮನ್ನರೂ ನಕ್ಕರು. ವಿಷಯ ಪರಿಶೀಲಿಸುತ್ತೇವೆ, ಮುಂದಿನ ಸಭೆಯಲ್ಲಿ ಉತ್ತರ ಕೊಡುತ್ತೇವೆ, ಅಲ್ಲಿಯವರೆಗೆ ಬೇಲಿ ಹಾಕುವುದಿಲ್ಲ ಎಂದು ಎಲ್ಲರ ಮುಂದೆ ಹೇಳಿದರು.

"ಅವರು ಅದನ್ನೆಲ್ಲ ತಿನ್ನುವುದಿಲ್ಲ ಜಲಜಕ್ಕ" ಎಂದೆ, ಹಿಂದಿರುಗುವ ಲೋಕಲ್ ರೈಲಿನಲ್ಲಿ.

"ತಿನ್ನದಿದ್ದರೆ ಬೇಡ. ವಾಸನೆ ನೋಡಿದರಲ್ಲ. ಇನ್ನು ನಮ್ಮ ದಂಡೆಯನ್ನು ಮರೆಯಲಿಕ್ಕೆ ಸಾಧ್ಯ ಇಲ್ಲ."

ಮಳೆಗಾಲ ಮುಗಿಯುತ್ತಲೇ ಅಳತೆಯವರು ದಂಡೆಗೆ ಮತ್ತೆ ಬಂದರು. ಅಲ್ಲಿನ ಹೆಂಗಸರು ಚಪ್ಪರ ಹಾಕಿ ಸರದಿಯಂತೆ ಕಾವಲು ಕೂರತೊಡಗಿದರು. ಜಲಜಕ್ಕ ಫ್ಲಾಟನ್ನು ಬಾಡಿಗೆಗೆ ಕೊಟ್ಟು ಹೊರಟರು. ಪನವೇಲ್ ಸ್ಟೇಷನ್ನಿಗೆ ನಾನೇ ಬಿಡಲು ಹೋದೆ.

"ಧಣಿಗಳು ಮಾತಿಗೆ ತಪ್ಪುವವರಲ್ಲ," ಎಂದರು ಕಿಟಕಿಯ ಪಕ್ಕ ಕೂತು. "ಆದರೂ ನಾನೊಬ್ಬಳು ಅಲ್ಲಿ ಕೂತಿದ್ದರೆ ಅವರಿಗೂ ನೆನಪಿರ್ತದೆ. ಹಾಗಾಗಿ ಇಲ್ಲಿಯ ಸಭೆಗೆ ಬರಲಿಕ್ಕಾಗುವುದಿಲ್ಲ. ಉತ್ತರ ಎಲ್ಲಿ ಅಂತ ಕೇಳಲಿಕ್ಕೆ ಇಲ್ಲಿ ಯಾರಾದರೂ ಬೇಕಲ್ಲ."

ನನ್ನನ್ನೇ ನೋಡುತ್ತಿದ್ದರು. ನಾಲ್ಕು ಜನರೆದುರು ಹೆಸರು ಹೇಳಲೂ ಹಿಂಜರಿಯುವವಳು ನಾನು.

"ನಾನು ಷೇರುದಾರಳಲ್ಲ" ಎಂದೆ.

"ಅದೆಂತ ಹುಟ್ಟುವಾಗಲೇ ಬರುವುದಾ?"

ರೈಲು ಹೊರಟಿತು. ಅವರನ್ನು ನಾನು ನೋಡಿದ್ದು ಅದೇ ಕೊನೆ. ಈಗಲೂ ಆ ದಂಡೆಯಲ್ಲೇ ಇದ್ದಾರೆ.

ಅವರನ್ನು ರೈಲು ಹತ್ತಿಸಿದ ಮರುದಿನ ಬೆಳಿಗ್ಗೆ ಖಾರಘರ ಸ್ಟೇಷನ್ನಿನಲ್ಲಿ ಇಳಿದವಳು ಆಫೀಸಿಗೆ ಹೋಗುವ ಮೊದಲು ಷೇರು ದಲ್ಲಾಳಿಯ ಬಾಗಿಲಲ್ಲಿ ನಿಂತು, ಅದು ತೆರೆಯುವುದನ್ನೇ ಕಾದು, ಆ ಕಂಪೆನಿಯ ಒಂದು ಷೇರು ಬೇಕೆಂದು ಕೇಳಿದೆ.