ಬಾಗಿದ ಮೊಣಕೈಗೊಂದು ಆಟ

ಒಬ್ಬ ಮನುಷ್ಯ ಕ್ರಿಕೆಟ್ ಬಿಟ್ಟದ್ದಕ್ಕೆ ಅರ್ಧ ಕಾರಣ ಅಂಪೈರ್, ಇನ್ನರ್ಧ ನಾನು. ಅಂಪೈರ್ ತಮ್ಮ ಕೆಲಸ ಮಾಡಿದರು. ನನ್ನದು ಬಾಯಿ ಚಪಲ.

ಆಗ ನಾವಿಬ್ಬರೂ ಪರದೇಶದಲ್ಲಿ, ಜುರಾಂಗ್ ವೆಸ್ಟಿನ ಹನ್ನೊಂದನೇ ಮಹಡಿಯ ಫ್ಲ್ಯಾಟೊಂದರಲ್ಲಿ ರೂಮ್‌ಮೇಟುಗಳು. ಕಂಪನಿಗಳು ವಾರಕ್ಕೊಂದು ಬ್ಯಾಚಿನಂತೆ ಇಂಜಿನಿಯರುಗಳನ್ನು ತರಿಸಿಕೊಳ್ಳುತ್ತಿದ್ದ ಕಾಲ. ಕಿಟಕಿಯಿಂದ ನೋಡಿದರೆ ಮರಗಳಿಗಿಂತ ಕ್ರೇನುಗಳೇ ಹೆಚ್ಚು. ಎಣ್ಣೆ ಬಾವಿಗಳಿಗೆ ವಾಲ್ವು ಮಾಡುವ ಅಮೆರಿಕನ್ ಕಂಪನಿಯೊಂದರಲ್ಲಿ ನಾನು ಕ್ವಾಲಿಟಿ ಇನ್‌ಸ್ಪೆಕ್ಟರ್, ಅಂದರೆ ಬೇರೆಯವರ ತಪ್ಪು ಹುಡುಕಿ ಸಂಬಳ ತೆಗೆದುಕೊಳ್ಳುವವನು. ಅವನು ಹಡಗು ರಿಪೇರಿ ಯಾರ್ಡಿನಲ್ಲಿ ಇಂಜಿನಿಯರ್, ಮಂಡ್ಯದ ಕಡೆಯವನು, ನನಗಿಂತ ಆರು ವರ್ಷ ದೊಡ್ಡವನು. ಮೊದಲ ತಿಂಗಳು ‘ನೀವು’ ಅಂದೆ. ಒಂದೇ ಬಾತ್‌ರೂಮಿನ ಮುಂದೆ ದಿನಾ ಕ್ಯೂ ನಿಂತ ಮೇಲೆ ಅದು ‘ನೀನು’ ಆಯಿತು. ‘ಅಣ್ಣ’ ಮಾತ್ರ ಉಳಿಯಿತು. ಅವನೂ ಹಾಗೆಯೇ. ಹೊರಗೆ ನಾಲ್ಕು ಜನರ ಮುಂದೆ ಬೆಂಗಳೂರು ಕನ್ನಡ, ಮನೆಯಲ್ಲಿ ಕಾಲಿಗೆ ಕುರ್ಚಿ ತಾಗಿದರೆ ಪಕ್ಕಾ ಮಂಡ್ಯ.

ನನಗೆ ಮಿಮಿಕ್ರಿ ರೋಗ. ಬಾಗಿಲು ಮುಚ್ಚುವ ಮುಂಚೆ ಎಚ್ಚರಿಸುವ ಎಂಆರ್‌ಟಿ ರೈಲಿನ ಹೆಣ್ಣುದನಿ, ಕೆಳಗಿನ ಕಾಫಿ ಅಂಗಡಿಯ ಅಂಕಲ್, ನಮ್ಮ ಬಾಸ್, ಫೋನಿನಲ್ಲಿ ‘ಊಟ ಆಯ್ತಾ’ ಅನ್ನುವ ನನ್ನಮ್ಮ, ‘ಆಯ್ತಮ್ಮ, ಅನ್ನ ಸಾರು’ ಎಂದು ಸುಳ್ಳು ಹೇಳುವ ನಾನು, ಎಲ್ಲರೂ ನನ್ನ ಗಂಟಲಲ್ಲಿ ಬಾಡಿಗೆಗೆ ಇದ್ದರು. ಹೊಸ ಬಾಡಿಗೆದಾರ ಸಿಕ್ಕರೆ ನನಗೆ ತಡೆಯಲು ಆಗುತ್ತಿರಲಿಲ್ಲ.

ಭಾನುವಾರ ಕನ್ನಡದವರದ್ದೊಂದು ಕ್ರಿಕೆಟ್ ತಂಡವಿತ್ತು. ಅದರಲ್ಲಿ ನಿಜವಾಗಿ ವೇಗವಾಗಿ ಬೌಲ್ ಮಾಡುತ್ತಿದ್ದವನು ಅಣ್ಣ ಒಬ್ಬನೇ. ನಾವೆಲ್ಲ ವೇಗವಾಗಿ ಓಡಿ ಬಂದು ನಿಧಾನ ಹಾಕುತ್ತಿದ್ದೆವು. ಒಂದು ಭಾನುವಾರ ಲೆಗ್ ಅಂಪೈರ್ ಜಾಗದಲ್ಲಿ ಇಲ್ಲೇ ಹುಟ್ಟಿ ಬೆಳೆದ, ರಿಟೈರಾದ ಮೇಷ್ಟ್ರೊಬ್ಬರು ನಿಂತಿದ್ದರು. ಅಣ್ಣನ ಮೊದಲ ಓವರಿನಲ್ಲೇ ಮೂರು ಸಲ ಕೈ ಚಾಚಿದರು. “ನೋ ಬಾಲ್. ದಿಸ್ ಒನ್ ಥ್ರೋಯಿಂಗ್. ಕೆನಾಟ್ ಲಾ.” ಮೊಣಕೈ ಮಡಚಿ ಬಿಡಿಸಿ ಎಸೆದರೆ ಅದು ಬೌಲಿಂಗ್ ಅಲ್ಲ, ಮೋಸ. ಕ್ರಿಕೆಟ್ಟಿನಲ್ಲಿ ಇದಕ್ಕಿಂತ ದೊಡ್ಡ ಬೈಗುಳ ಇಲ್ಲ. ಕ್ಯಾಪ್ಟನ್ ಮಾತಿಲ್ಲದೆ ಚೆಂಡು ತೆಗೆದುಕೊಂಡು ಬೇರೆಯವರಿಗೆ ಕೊಟ್ಟರು.

ಅದೇ ಸಂಜೆ ಸೆರಂಗೂನಿನ ಒಂದು ಕಾಂಡೋ ಅಪಾರ್ಟ್‌ಮೆಂಟಿನಲ್ಲಿ ಗಣೇಶನ ಹಬ್ಬದ ಊಟ. ಕೋಸಂಬರಿ ಮುಗಿಯುವಷ್ಟರಲ್ಲಿ ನಾನು ನಿಂಬೆಹಣ್ಣು ಹಿಡಿದು ಎದ್ದು ನಿಂತಿದ್ದೆ. ಮೊಣಕೈಯನ್ನು ಮುರಿದ ಛತ್ರಿಯ ಕಡ್ಡಿಯಂತೆ ಹೊರಗೆ ಚಾಚಿ ಓಡಿ ಬಂದೆ, ಎಸೆದೆ, ಆಮೇಲೆ ಅಂಪೈರ್ ಆಗಿ “ಕೆನಾಟ್ ಲಾ” ಅಂದೆ. ಆಂಟಿಯೊಬ್ಬರು ಸೆರಗಿನಿಂದ ಕಣ್ಣೊರೆಸಿಕೊಂಡು, “ಅಯ್ಯೋ, ಇನ್ನೊಂದ್ಸಲ ಮಾಡೋ” ಅಂದರು. ಮೂರು ಸಲ ಮಾಡಿದೆ. ಅಣ್ಣನೂ ನಕ್ಕ. ವಾಪಸ್ ಬರುವಾಗ ರೈಲಿನಲ್ಲಿ ಒಂದೇ ಮಾತು: “ಚೆನ್ನಾಗ್ ಮಾಡ್ದೆ ಕಣ್ಲಾ.”

ಮುಂದಿನ ಭಾನುವಾರ ಅವನು ಏಳಲಿಲ್ಲ. “ಶಿಫ್ಟ್ ಇದೆ” ಅಂದ. ಅದರ ಮುಂದಿನ ವಾರವೂ ಶಿಫ್ಟು. ವಾಷಿಂಗ್ ಮೆಷಿನ್ ಮೇಲೆ ಇರುತ್ತಿದ್ದ ಅವನ ಬೌಲಿಂಗ್ ಶೂಗಳು ಪೇಪರಿನಲ್ಲಿ ಸುತ್ತಿಕೊಂಡು ಮಂಚದ ಕೆಳಗೆ ಹೋದವು. ತಂಡದವರು ಬಂದು ಕರೆದರು, ಬರೀ ಬ್ಯಾಟಿಂಗ್ ಮಾಡು ಅಂದರು. ಅವನು ಅವರಿಗೆ ಟೀ ಮಾಡಿಕೊಟ್ಟು ಕಳಿಸಿದ. ಭಾನುವಾರ ಬೆಳಿಗ್ಗೆ ಐದು ಶರಟು ಇಸ್ತ್ರಿ ಮಾಡುತ್ತಾ ನಿಲ್ಲುವುದು ಅವನ ಹೊಸ ಅಭ್ಯಾಸವಾಯಿತು. ನಾನು ಕಿಟ್ ಬ್ಯಾಗ್ ಹೊತ್ತುಕೊಂಡು ಅವನ ಬೆನ್ನ ಹಿಂದಿನಿಂದ ಬೆಕ್ಕಿನ ಹಾಗೆ ಹೊರಗೆ ಹೋಗುತ್ತಿದ್ದೆ. ಹೀಗೆ ಒಂಬತ್ತು ತಿಂಗಳು.

ಈಗ ನಮ್ಮ ಬಾಸ್ ವಿಷಯಕ್ಕೆ ಬರುತ್ತೇನೆ. ಅರವತ್ತರ ಹತ್ತಿರದ ಅಮೆರಿಕನ್, ಜೋಳದ ಹೊಲಗಳ ನಡುವಿನ ಸಣ್ಣ ಊರಿನವರು. ಅವರ ಮಾತನ್ನು ನಾನು ಕನ್ನಡದಲ್ಲೇ ಬರೆಯುತ್ತೇನೆ, ಮೂಗಿನ ರಾಗ ನೀವೇ ಸೇರಿಸಿಕೊಳ್ಳಿ. ಅಂದಾಜು ರೇಟು ಬೇಕಾದರೆ ‘ಬಾಲ್‌ಪಾರ್ಕ್ ಫಿಗರ್’ ಕೇಳುವರು, ಮಾತಾಡೋಣ ಅನ್ನಲು ‘ಟಚ್ ಬೇಸ್’ ಅನ್ನುವರು, ಆರ್ಡರ್ ಬಂದರೆ ‘ಹೋಮ್ ರನ್’. ಕಂಪನಿ ಸೇರಿ ಒಂದು ವರ್ಷವಾದ ಮೇಲೆ, ನಾವೆಲ್ಲ ದಿನಾ ಬೇಸ್‌ಬಾಲ್ ಆಡುತ್ತಿದ್ದೇವೆ ಎಂದು ನನಗೆ ಗೊತ್ತಾಯಿತು. ಅವರ ದೇಶದ ಫುಟ್‌ಬಾಲ್ ಫೈನಲ್ ನಮಗೆ ಸೋಮವಾರ ಬೆಳಿಗ್ಗೆ ಬೀಳುತ್ತದೆ. ಅವತ್ತು ಆಫೀಸಿನ ಅಮೆರಿಕನ್ನರೆಲ್ಲ ತಂಡದ ಟೋಪಿ ಹಾಕಿಕೊಂಡು ಮೀಟಿಂಗ್ ರೂಮಿನಲ್ಲಿ ಟೀವಿ ಮುಂದೆ ಕೂತು ಬೆಳಗಿನ ಎಂಟಕ್ಕೆ ಕೋಳಿ ರೆಕ್ಕೆ ತಿನ್ನುವರು. ಕೆಲಸದ ಪ್ರಶ್ನೆ ಕೇಳಿದರೆ, ಪೂಜೆ ನಡೆಯುವಾಗ ಗಂಡಸರು ಷೇರಿನ ಮಾತೆತ್ತಿದರೆ ಹೆಂಗಸರು ನೋಡುತ್ತಾರಲ್ಲ, ಹಾಗೆ ನೋಡುವರು.

ಒಮ್ಮೆ ನಾನು ಕೇಳಿದೆ, ಸರ್, ಇಷ್ಟೊಂದು ಯಾಕೆ ಅಂತ. ಅವರು ಪೆನ್ನು ತಿರುಗಿಸುತ್ತಾ ಹೇಳಿದರು: “ನನ್ನಪ್ಪ ಮಾತಿನ ಮನುಷ್ಯ ಅಲ್ಲ. ಹೊಲದಿಂದ ಬಂದು ಊಟಕ್ಕೆ ಮುಂಚೆ ಹಿತ್ತಲಲ್ಲಿ ನನ್ನ ಜೊತೆ ಚೆಂಡು ಎಸೆದಾಡೋರು. ಅವರು ಎಸೀತಾರೆ, ನಾನು ಹಿಡೀತೀನಿ, ನಾನು ಎಸೀತೀನಿ. ನಮ್ಮಿಬ್ಬರ ಮಧ್ಯೆ ಆದ ಮಾತುಕತೆ ಅಷ್ಟೇ. ಸಾಕಾಗಿತ್ತು.” ನಾನು ಮಿಮಿಕ್ರಿ ಮಾಡದೆ ಬಿಟ್ಟ ಅವರ ಮಾತು ಅದೊಂದೇ.

ಜುಲೈಯಲ್ಲಿ, ಅವರ ಸ್ವಾತಂತ್ರ್ಯ ದಿನದ ವಾರ, ನಮ್ಮ ಕಂಪನಿಗೂ ಇನ್ನೊಂದು ಅಮೆರಿಕನ್ ಕಂಪನಿಗೂ ಬೇಸ್‌ಬಾಲ್ ಪಂದ್ಯ. ಆ ವರ್ಷ ಮಕ್ಕಳ ಶಾಲೆ ರಜೆಗೆಂದು ನಮ್ಮ ತಂಡದ ಅರ್ಧ ಜನ ಊರಿಗೆ ಹೋಗಿದ್ದರು. ಬಾಸ್ ನನ್ನ ಟೇಬಲ್ಲಿಗೆ ಬಂದರು. “ನೀನು ಕ್ರಿಕೆಟ್ ಆಡ್ತೀಯಲ್ಲ, ಬಾ. ಜೋರಾಗಿ ಎಸೆಯೋಕೆ ಬರೋರು ಯಾರಾದ್ರೂ ಗೊತ್ತಿದ್ರೆ ಅವರನ್ನೂ ಕರ್ಕೊಂಡು ಬಾ.”

ಯಾರೆಂದು ಯೋಚಿಸಬೇಕಾಗಿಯೇ ಇರಲಿಲ್ಲ. ಹೇಗೆ ಕೇಳುವುದು ಎಂದು ಯೋಚಿಸಲು ಮೂರು ದಿನ ಹಿಡಿಯಿತು. ಕೊನೆಗೆ ಬ್ಲಾಕಿನ ಕೆಳಗಿನ ಕಾಫಿ ಅಂಗಡಿಯಲ್ಲಿ ಬಾಯಿ ಬಿಟ್ಟೆ.

“ಅಣ್ಣ, ಶನಿವಾರ ಫ್ರೀ ಇದೀಯಾ?”

“ಯಾಕ್ಲಾ?”

“ಬೇಸ್‌ಬಾಲ್. ನಮ್ಮ ಬಾಸ್‌ಗೆ ಎಸೆಯೋರು ಬೇಕಂತೆ.”

ಅವನು ಲೋಟ ಕೆಳಗಿಟ್ಟ. “ಎಸೆಯೋರು?”

“ಹೂಂ. ಆ ಆಟದಲ್ಲಿ ಬೌಲಿಂಗೇ ಇಲ್ಲ, ಬರೀ ಥ್ರೋ. ಕೈ ಮಡಚಿ, ಭುಜ ತಿರುಗ್ಸಿ, ಎಷ್ಟು ಜೋರಾಗ್ ಆಗುತ್ತೋ ಅಷ್ಟು.”

“ಶುರು ಮಾಡ್ದಾ ಮತ್ತೆ?”

“ಇಲ್ಲ ಅಣ್ಣ, ನಿಜ. ಅಲ್ಲಿ ಸೀಸನ್ ಶುರುವಾಗೋ ದಿನ ಪ್ರೆಸಿಡೆಂಟೇ ಗ್ರೌಂಡಿಗೆ ಬಂದು ಮೊದಲ್ನೇ ಬಾಲ್ ಎಸೆಯೋ ಪದ್ಧತಿ ಇದೆಯಂತೆ.”

“ಕೈ ಮಡಚ್ಕೊಂಡು?”

“ಮಡಚ್ಕೊಂಡು.”

“ದೇಶದ ಪ್ರೆಸಿಡೆಂಟು ಎಲ್ರ ಮುಂದೆ ಥ್ರೋ ಹೊಡೀತಾರೆ, ಯಾರೂ ಏನೂ ಅನ್ನಲ್ಲ?”

“ಚಪ್ಪಾಳೆ ಹೊಡೀತಾರೆ.”

ಅವನು ನಗಲಿಲ್ಲ. ಶರಟಿನ ತೋಳು ಮೇಲೇರಿಸಿ ಬಲಗೈಯನ್ನು ಟೇಬಲ್ ಮೇಲೆ ಚಾಚಿದ. ಮೊಣಕೈ ಸ್ವಲ್ಪ ಬಾಗಿಯೇ ಇತ್ತು. “ಇದಕ್ಕಿಂತ ನೆಟ್ಟಗಾಗಲ್ಲ ಕಣ್ಲಾ. ಹತ್ತು ವರ್ಷದವನಿದ್ದಾಗ ಕಬ್ಬಿನ ಗಾಡಿಯಿಂದ ಬಿದ್ದೆ. ಊರಲ್ಲೇ ಕಟ್ಟು ಹಾಕ್ಸಿದ್ರು. ಬಿಚ್ಚಿದಾಗ ಹಿಂಗೇ ಇತ್ತು. ನಾನು ಥ್ರೋ ಮಾಡ್ತಿರ್ಲಿಲ್ಲ. ಕೈ ಇರೋದೇ ಹಿಂಗೆ.”

ಎರಡು ವರ್ಷ ಒಂದೇ ಮನೆಯಲ್ಲಿದ್ದು, ಅವನ ಕೈಯನ್ನು ಮೂರು ಸಲ ನಟಿಸಿ ತೋರಿಸಿದ್ದ ನಾನು ಅದನ್ನು ನೋಡಿಯೇ ಇರಲಿಲ್ಲ. ತಪ್ಪು ಹುಡುಕುವುದು ನನ್ನ ಹೊಟ್ಟೆಪಾಡು ಬೇರೆ.

“ಅಂಪೈರ್‌ಗೆ ಹೇಳ್ಬೇಕಿತ್ತಲ್ಲ ಅಣ್ಣ.”

“ಕೈ ತೋರ್ಸಿ ಅಯ್ಯೋ ಪಾಪ ಅನ್ನಿಸ್ಕೊಳ್ಲಾ?”

“ನಂಗೆ ಗೊತ್ತಿರ್ಲಿಲ್ಲ.”

“ಗೊತ್ತಿದ್ದಿದ್ರೆ ಆವತ್ತು ಮಾಡ್ತಿರ್ಲಿಲ್ವಾ?”

ಸುಳ್ಳು ಹೇಳಬಹುದಿತ್ತು. “ಮಾಡ್ತಿದ್ದೆ,” ಅಂದೆ. “ಎರಡೇ ಸಲ.”

ಆಗ ನಕ್ಕ. “ಬರ್ತೀನಿ. ನೋಡಕ್ಕೆ ಅಷ್ಟೆ,” ಅಂದ.

ಶನಿವಾರ ಬೆಳಿಗ್ಗೆ ಮೈದಾನದಲ್ಲಿ ಎಲ್ಲರೂ ಮೊದಲು ಟೋಪಿ ತೆಗೆದು, ಎದೆಗೆ ಕೈಯಿಟ್ಟು ಅವರ ರಾಷ್ಟ್ರಗೀತೆ ಹಾಡಿದರು. ಇಪ್ಪತ್ತು ಜನ, ಒಂದು ಟೇಪ್ ರೆಕಾರ್ಡರ್, ಪಕ್ಕದಲ್ಲಿ ಐಸ್ ಪೆಟ್ಟಿಗೆ. ಆದರೂ ದೊಡ್ಡ ಸ್ಟೇಡಿಯಮ್ಮಿನಲ್ಲಿ ನಿಂತವರ ಮುಖ. ಬಾಸ್ ಕಣ್ಣು ಮುಚ್ಚಿದ್ದರು. ನನಗೆ ನಗು ಬರಬೇಕಿತ್ತು, ಬರಲಿಲ್ಲ.

ನಗಿಸುವ ಸರದಿ ನನಗೇ ಬಂತು. ಬ್ಯಾಟು ಹಿಡಿದೆ, ಹೇಗೋ ಚೆಂಡು ತಾಗಿತು, ಓಡಿದೆ. ಬೇಸ್‌ಬಾಲ್‌ನಲ್ಲಿ ಹೊಡೆದ ತಕ್ಷಣ ಬ್ಯಾಟು ಬಿಸಾಡಿ ಓಡಬೇಕು. ನಾನು ಬ್ಯಾಟು ಹಿಡಿದುಕೊಂಡೇ ಓಡಿ, ಮಂಡಿ ಊರಿ, ಅದರ ತುದಿಯನ್ನು ಅವರ ಮೊದಲನೇ ಬೇಸಿಗೆ, ಅಂದರೆ ನೆಲದ ಮೇಲಿನ ದಿಂಬಿಗೆ, ಮುಟ್ಟಿಸಿ, ಕ್ರಿಕೆಟ್ಟಿನಂತೆ ರನ್ ಆಯಿತೆಂದು ವಾಪಸ್ ಓಡಲು ತಿರುಗಿದೆ. ಎರಡೂ ತಂಡದವರು ಹುಲ್ಲಿನ ಮೇಲೆ ಕೂತುಬಿಟ್ಟರು. ಅಣ್ಣ ಹೊರಗಿನಿಂದ ಕೂಗಿದ: “ಇನ್ನೊಂದ್ಸಲ ಮಾಡ್ಲಾ.”

ಆಮೇಲೆ ನಮ್ಮವರೊಬ್ಬರ ಕಾಲು ಉಳುಕಿತು. ನೋಡಲು ಬಂದವನು ಗ್ಲೌಸ್ ಹಾಕಿಕೊಂಡು ಮೈದಾನದ ಆ ಕೊನೆಗೆ ಹೋಗಿ ನಿಂತ. ಅವನ ಕಡೆಗೆ ಒಂದು ಚೆಂಡು ಹೋಯಿತು. ಎತ್ತಿ ಎಸೆದ. ಅದು ನೆಲ ಮುಟ್ಟದೆ, ಎದೆಯೆತ್ತರದಲ್ಲೇ ಬಂದು ವಿಕೆಟ್ ಕೀಪರಿನಂತೆ ಹಿಂದೆ ಕೂತಿದ್ದ ನಮ್ಮ ಕ್ಯಾಚರ್ ಗ್ಲೌಸಿನಲ್ಲಿ ಟಪ್ ಎಂದಿತು. ಅಲ್ಲಿಯವರೆಗೂ ತಾವೇ ಪಿಚ್ ಮಾಡುತ್ತಿದ್ದ, ಭುಜ ನೋಯುತ್ತಿದ್ದ ಬಾಸ್ ತಿರುಗಿ ಅವನನ್ನು ನೋಡಿದರು. ಮುಂದಿನ ಸರದಿಗೆ ಚೆಂಡನ್ನು ಅವನ ಕೈಗೇ ಇಟ್ಟರು.

ಪಿಚ್ ಮಾಡುವವನು ಮಣ್ಣಿನ ದಿಬ್ಬದ ಮೇಲೆ ನಿಂತಲ್ಲಿಂದಲೇ ಎಸೆಯಬೇಕು. ಅಣ್ಣ ದಿಬ್ಬ ಇಳಿದು ಹದಿನೈದು ಹೆಜ್ಜೆ ಹಿಂದಕ್ಕೆ ಎಣಿಸಿಕೊಂಡು ಹೋದ. ಅವರು ಕರೆದು ತಂದು ನಿಲ್ಲಿಸಿದರು. ನಿಂತಲ್ಲಿಂದ ಅವನು ಹಾಕಿದ್ದು ಬೌಲಿಂಗೇ. ಕೈಯನ್ನು ಆದಷ್ಟು ನೆಟ್ಟಗೆ ಮಾಡಲು ಒದ್ದಾಡುತ್ತಾ ಹಾಕಿದ. ಚೆಂಡು ನೆಲಕ್ಕೆ ಬಿದ್ದು ಕ್ಯಾಚರ್‌ನ ಮೊಣಕಾಲಿಗೆ ಬಡಿಯಿತು. ಎರಡನೆಯದು ಬ್ಯಾಟ್ಸ್‌ಮನ್‌ನ ಹಿಂದಿನಿಂದ ಹೋಯಿತು. ನಾಲ್ಕೂ ಹಾಗೆಯೇ. ನಾಲ್ಕು ತಪ್ಪಿದರೆ ಬ್ಯಾಟು ಹಿಡಿದವನಿಗೆ ಮೊದಲ ಬೇಸ್ ಬಿಟ್ಟಿ. ಬಿಸಿಲಿಗೋ ಮತ್ತೇತಕ್ಕೋ ಅಣ್ಣನ ಮುಖ ಕೆಂಪಾಯಿತು. ಅವನು ಚೆಂಡನ್ನು ಬಾಸ್ ಕಡೆ ಚಾಚಿದ. ತೆಗೆದುಕೊಳ್ಳಿ, ಸಾಕು ಎಂಬಂತೆ. ಆವತ್ತು ಕ್ಯಾಪ್ಟನ್ ತೆಗೆದುಕೊಂಡಿದ್ದರಲ್ಲ, ಈಗ ತಾನೇ ಕೊಡುತ್ತಿದ್ದ. ನಾನು ನನ್ನ ಜಾಗ ಬಿಟ್ಟು ಓಡಿದೆ.

ಬಾಸ್ ಚೆಂಡು ಮುಟ್ಟಲಿಲ್ಲ. “ಕೈ ಯಾಕೆ ಹಾಗೆ ಎಳೀತಿದೀಯ?” ಅಂದರು.

ಅಣ್ಣ ನನ್ನನ್ನು ಒಮ್ಮೆ ನೋಡಿ, ತೋಳು ಚಾಚಿ ತೋರಿಸಿದ. “ಇಷ್ಟೇ ಸರ್ ಬರೋದು.”

ಬಾಸ್ ತಮ್ಮ ತೋಳು ಮೇಲೆತ್ತಿ ಅದರ ಪಕ್ಕದಲ್ಲೇ ಚಾಚಿದರು. ನರೆತ ರೋಮ, ಕೆಂಪು ಚರ್ಮ, ಮತ್ತು ಅದೇ ಬಾಗು. ಪೂರ್ತಿ ನೆಟ್ಟಗಾಗದ ಮೊಣಕೈ.

“ಸ್ಕೂಲು, ಕಾಲೇಜು, ಆಮೇಲೆ ಊರಿನ ತಂಡ,” ಅಂದರು. “ಬಹಳ ವರ್ಷ ಎಸೆದೋರ ಕೈ ಎಷ್ಟೋ ಸಲ ಹೀಗೇ ಆಗೋದು. ನೀನು ಯಾವ ತಂಡಕ್ಕೆ ಎಸೀತಿದ್ದೆ?”

“ಕಬ್ಬಿನ ಗಾಡಿಯಿಂದ ಬಿದ್ದದ್ದು ಸರ್.”

ಬಾಸ್ ತೋಳು ಇಳಿಸಿದರು. “ಆ ಲೀಗ್ ನಂಗೆ ಗೊತ್ತಿಲ್ಲ,” ಅಂದರು. “ಆದ್ರೆ ಆ ಕೊನೆಯಿಂದ ಎಸೆದ್ಯಲ್ಲ, ಹಾಗೇ ಎಸಿ.” ಅಷ್ಟು ಹೇಳಿ ದಿಬ್ಬ ಇಳಿದು ಹೋದರು.

ಅಣ್ಣ ಚೆಂಡನ್ನು ಪ್ಯಾಂಟಿಗೆ ಉಜ್ಜಿದ, ಹಳೇ ಅಭ್ಯಾಸ. ಆಮೇಲೆ ಮೊಣಕೈಯನ್ನು ಎಷ್ಟು ಬೇಕೋ ಅಷ್ಟು ಮಡಚಿ, ಮೈದಾನದಲ್ಲಿದ್ದ ಎಲ್ಲರ ಕಣ್ಣೆದುರಿಗೆ ಎಸೆದ. ಅದು ಕ್ಯಾಚರ್ ತಲೆಯ ಮೇಲಿಂದ ಹೋಗಿ ಬೇಲಿಗೆ ಬಡಿಯಿತು, ಬೇಲಿ ಕಿಣಿಕಿಣಿ ಅಂದಿತು. ಆದರೆ ಅದರ ವೇಗಕ್ಕೆ, ಮುಂದಿನ ಸರದಿಗೆ ಬ್ಯಾಟು ಹಿಡಿದು ಬಂದಿದ್ದವನು ಎರಡು ಹೆಜ್ಜೆ ಹಿಂದಕ್ಕೆ ಸರಿದ. ಮುಂದಿನ ಮೂರು ನೇರ ಗ್ಲೌಸಿಗೆ. ಆತ ಮೂರಕ್ಕೂ ಗಾಳಿಯನ್ನೇ ಹೊಡೆದ. ಕ್ಯಾಚರ್ ಹಿಂದಿದ್ದ ಅಂಪೈರ್ ಕೈ ಎತ್ತಿದರು. ಔಟ್ ಅಂತ. ಮೂವರು ಔಟಾದರೆ ಸರದಿ ಬದಲು.

ಮುಂದೆ ಬಂದವರು ಅವರ ಕಂಪನಿಯ ದಢೂತಿ ಮನುಷ್ಯ. ಅಣ್ಣನ ಮೊದಲ ಚೆಂಡಿಗೇ ಬೀಸಿದರು. ಚೆಂಡು ನನ್ನ ತಲೆ ದಾಟಿ, ಮೈದಾನ ದಾಟಿ, ಮಳೆನೀರಿನ ಚರಂಡಿ ದಾಟಿ ಮರಗಳೊಳಗೆ ಹೋಯಿತು. ಹೋಮ್ ರನ್, ಅಂದರೆ ನಮ್ಮ ಸಿಕ್ಸರ್. ಬಿಟ್ಟಿ ಬೇಸಿನಲ್ಲಿದ್ದವನೂ ಅವರೂ ಇಬ್ಬರೂ ಸುತ್ತಿ ಬಂದರು. ಒಂಬತ್ತು ತಿಂಗಳ ಇಸ್ತ್ರಿ ಮತ್ತೆ ಶುರುವಾಯಿತು ಎಂದುಕೊಂಡು ನಾನು ಅವನ ಬಳಿ ಓಡಿದೆ. ಅವನು ಚೆಂಡು ಹೋದ ಕಡೆ ನೋಡುತ್ತಿರಲಿಲ್ಲ, ಅಂಪೈರ್ ಕಡೆ ನೋಡುತ್ತಿದ್ದ.

“ಏನಾದ್ರೂ ಅಂದ್ರಾ ಅವ್ರು?”

“ಯಾರು ಅಣ್ಣ?”

“ಅಂಪೈರು. ಬಾಲ್ ತಪ್ಪು ಗಿಪ್ಪು ಅಂತ.”

“ಇಲ್ಲ. ಏನೂ ಅಂದಿಲ್ಲ.”

“ಬರೀ ಹೊಡೆದ್ರು.”

“ಬರೀ ಹೊಡೆದ್ರು ಅಣ್ಣ. ಚೆನ್ನಾಗಿ ಹೊಡೆದ್ರು.”

“ಹಂಗಾದ್ರೆ ಸರಿ ಬುಡು. ಹೊಡೆಸ್ಕೊಂಡ್ರೆ ಹೊಡೆಸ್ಕೋತೀನಿ.” ಅವನ ಮುಖದಲ್ಲಿ, ವಿಕೆಟ್ ಬಿದ್ದಾಗಲೂ ನಾನು ನೋಡಿರದ ಒಂದು ನಗುವಿತ್ತು.

ಅಂಪೈರ್ ಬಗ್ಗಿ ಸಣ್ಣ ಬ್ರಷ್ಷಿನಿಂದ, ಬ್ಯಾಟು ಹಿಡಿದವರ ಮುಂದೆ ನೆಲದಲ್ಲಿರುವ ಹಲಗೆಯ ಮೇಲಿನ ಮಣ್ಣು ಗುಡಿಸಿದರು. ಎದ್ದು ನಿಂತು ಕಿಸೆಯಿಂದ ಹೊಸ ಚೆಂಡು ತೆಗೆದು ಅಣ್ಣನ ಕಡೆ ಎಸೆದರು, ಮೊಣಕೈ ಮಡಚಿಯೇ. ಅಣ್ಣ ಅದನ್ನು ಹಿಡಿದು ನನ್ನ ಕಡೆ ತಿರುಗಿದ.

“ನಿನ್ ಜಾಗಕ್ ಹೋಗ್ಲಾ, ಇಲ್ಲೇನ್ ನಿಂತಿದೀಯ. ಇನ್ನೂ ಇಬ್ರು ಔಟಾಗ್ಬೇಕು.”