ಕುದ್ರುವಿಗೆ ಸೇತುವೆ ಬೇಡವೆಂದು ಬರೆದ ಅರ್ಜಿ

ನಮ್ಮ ಊರು ಒಂದು ಕುದ್ರು. ಗೊತ್ತಿಲ್ಲದವರಿಗೆ ಹೇಳುತ್ತೇನೆ. ಕರಾವಳಿಯ ಹೊಳೆ ಸಮುದ್ರ ಸೇರುವ ಮೊದಲು ಎರಡು ಕವಲಾಗಿ, ನಡುವೆ ಒಂದಿಷ್ಟು ನೆಲ ಬಿಟ್ಟು ಹೋಗುತ್ತದಲ್ಲ, ಆ ನೆಲವೇ ಕುದ್ರು. ಸುತ್ತ ನೀರು, ದೋಣಿ ಇಲ್ಲದೆ ಆಚೆ ಹೋಗುವ ಹಾಗಿಲ್ಲ. ಈಗ ಅಲ್ಲಿ ದೀಪ ಉರಿಯುವ ಮನೆಗಳಿಗಿಂತ ನಮ್ಮವರ ಮನೆಗಳು ಹೆಚ್ಚಾಗಿ ಅಬುಧಾಬಿ, ದುಬೈಗಳಲ್ಲಿವೆ. ತುಳು ಮಾತಾಡುವ ನಾವು, ಕೊಂಕಣಿ ಮಾತಾಡುವ ಕ್ರಿಶ್ಚಿಯನ್ ಪೊರ್ಬುಗಳು, ಎಲ್ಲ ಸೇರಿ ಒಂದು ಸಂಘ ಮಾಡಿಕೊಂಡಿದ್ದೇವೆ. ಮೂರು ಜನ ಕುದ್ರುವಿನವರು ಸೇರಿದರೆ ಒಬ್ಬ ಅಧ್ಯಕ್ಷ, ಒಬ್ಬ ಕಾರ್ಯದರ್ಶಿ, ಮೂರನೆಯವನು ಮುನಿಸಿಕೊಂಡವನು. ನಾನು ಕಾರ್ಯದರ್ಶಿ.

ಯೋಗ್ಯತೆಯಿಂದ ಆದದ್ದಲ್ಲ. ಎಲೆಕ್ಟ್ರಾ ಸ್ಟ್ರೀಟಿನ ಒಂದು ಟೈಪಿಂಗ್ ಸೆಂಟರಿನಲ್ಲಿ ಕೂತು ವೀಸಾ, ಎಮಿರೇಟ್ಸ್ ಐಡಿ ಎಂದು ಕಂಡವರ ಅರ್ಜಿ ತುಂಬುವುದು ನನ್ನ ಹೊಟ್ಟೆಪಾಡು. ಜನ ಪಾಸ್‌ಪೋರ್ಟ್ ಮೇಜಿನ ಮೇಲಿಟ್ಟು "ಹಾಕಿಬಿಡಿ ಅಣ್ಣ, ಯಲ್ಲಾ, ಬೇಗ" ಎನ್ನುತ್ತಾರೆ, ನಾನು ಹಾಕಿಬಿಡುತ್ತೇನೆ. ಸಂಘದಲ್ಲೂ ಅದೇ ಪದ್ಧತಿ. ಅಭಿನಂದನೆಯಿರಲಿ, ಸಂತಾಪವಿರಲಿ, ಯಾವ ಪತ್ರ ಹೋದರೂ ಕೆಳಗೆ ಸದಸ್ಯರ ಪಟ್ಟಿ ಪೂರ್ತಿ ಅಂಟಿಸುತ್ತೇನೆ, ಒಬ್ಬೊಬ್ಬರ ಹೆಸರಿನ ಮುಂದೆ 'ಸಹಿ' ಎಂದು ಟೈಪು ಮಾಡುತ್ತೇನೆ. ಹೆಸರು ಬಿಟ್ಟುಹೋದರೆ ಮೈಮೇಲೆ ಬರುತ್ತಿದ್ದರು. ಹಾಕಿದ್ದಕ್ಕೆ ಅಲ್ಲಿಯವರೆಗೆ ಯಾರೂ ಬಂದಿರಲಿಲ್ಲ.

ಅಧ್ಯಕ್ಷರದು ದುಬೈ ಇನ್ವೆಸ್ಟ್‌ಮೆಂಟ್ಸ್ ಪಾರ್ಕಿನಲ್ಲಿ ಟೈಲ್ಸ್ ಗೋದಾಮು, ಖಲೀಫಾ ಸಿಟಿಯಲ್ಲಿ ವಿಲ್ಲಾ. ಅವರ ಹಾಲಿನ ಗೋಡೆಗೆ ಕುದ್ರುವಿನ ಒಂದು ಹಳೆಯ ದೋಣಿಯ ಹುಟ್ಟನ್ನು ವಾರ್ನಿಶ್ ಹೊಡೆದು, ಮೇಲೆ ಚಿಕ್ಕ ಲೈಟು ಬಿಟ್ಟು ತೂಗುಹಾಕಿದ್ದಾರೆ. ವರ್ಷಕ್ಕೊಮ್ಮೆ ಊರಿಗೆ ಹೋಗಿ ಮಂಗಳೂರಿನ ಎಸಿ ಹೋಟೆಲಿನಲ್ಲಿ ಇಳಿಯುತ್ತಾರೆ. ಕುದ್ರುವಿಗೆ ಕಾಲಿಟ್ಟದ್ದನ್ನು ನಾನು ಒಂದೇ ಸಲ ಕಂಡದ್ದು. ಐದು ನಿಮಿಷದ ದೋಣಿ, ಅಷ್ಟರಲ್ಲೇ ತಲೆ ತಿರುಗಿ ವಾಂತಿ ಮಾಡಿಕೊಂಡು, ದೋಣಿ ನಿಲ್ಲುವ ಕಡವಿನಲ್ಲಿ ಕೂತು ಲಿಂಬೆ ಶರಬತ್ತು ಕುಡಿದು ವಾಪಸಾದರು. ಕುದ್ರುವಿನ ಮೇಲೆ ಅವರಷ್ಟು ಪ್ರೀತಿ ಇರುವವರು ಇನ್ನೊಬ್ಬರಿಲ್ಲ.

ಹೀಗಿರುವಾಗ ಒಂದು ದಿನ ವಾಟ್ಸಾಪಿನಲ್ಲಿ ಸುದ್ದಿ ಬಂತು. ಕುದ್ರುವಿಗೆ ಸೇತುವೆ ಮಾಡಲು ಸರ್ವೆಯವರು ಬಂದು ಕಲ್ಲು ನೆಟ್ಟು ಹೋಗಿದ್ದಾರೆ! ಗ್ರೂಪಿನಲ್ಲಿ ಹಾಹಾಕಾರ. ಯಾರೇ ಸತ್ತರೂ ಅಷ್ಟು ಅಳುವ ಮುಖಗಳು ಬೀಳುವುದಿಲ್ಲ. ಶನಿವಾರ ವಿಲ್ಲಾದಲ್ಲಿ ತುರ್ತು ಸಭೆ ಕರೆದರು.

ಅಬುಧಾಬಿ ಪೇಟೆಯೂ ದ್ವೀಪವೇ. ಎಲೆಕ್ಟ್ರಾ ಸ್ಟ್ರೀಟಿನ ನಾವು ಖಲೀಫಾ ಸಿಟಿಗೆ ಹೋಗಬೇಕಾದರೆ ಸೇತುವೆ ದಾಟಲೇಬೇಕು. ದಾಟಿ ಹೋದೆವು. "ಎಂತ ಟ್ರಾಫಿಕ್ ಮಾರಾಯ್ರೇ, ಬ್ರಿಜ್ಜಿನ ಮೇಲೆ ಹತ್ತು ನಿಮಿಷ ನಿಲ್ಲಿಸಿಬಿಟ್ರು, ಇನ್ನೊಂದು ಬ್ರಿಜ್ ಮಾಡ್ಬಾರ್ದಾ ಇವ್ರಿಗೆ?" ಎಂದು ಬೈಯುತ್ತಾ ಒಳಗೆ ಬಂದವರೇ ಚಪ್ಪಲಿ ಬಿಟ್ಟು, ಸೋಫಾದಲ್ಲಿ ಕೂತು, ಕುದ್ರುವಿಗೆ ಸೇತುವೆ ಯಾಕೆ ಬೇಡ ಎಂದು ಶುರು ಮಾಡಿದರು. ಯಾರಿಗೂ ನಗು ಬರಲಿಲ್ಲ. ನನಗೂ ಬರಲಿಲ್ಲ, ಅದೇ ನಾಚಿಕೆ.

"ಸೇತುವೆ ಬಂದ್ರೆ ಕುದ್ರು ಖಲಾಸ್!" ಎಂದರು ಅಧ್ಯಕ್ಷರು. "ನಾಳೆ ರಿಕ್ಷಾ ಬರ್ತದೆ, ನಾಡಿದ್ದು ರೆಸಾರ್ಟ್ ಬರ್ತದೆ. ನಮ್ಮ ಮಕ್ಕಳಿಗೆ ತೋರಿಸ್ಲಿಕ್ಕೆ ಎಂತ ಉಳೀತದೆ?"

ಅದನ್ನು ನೋಡಬೇಕಾದ ಮಕ್ಕಳು ಪೂಲಿನಲ್ಲಿದ್ದರು. ಅವರಲ್ಲೊಬ್ಬಳು ಒದ್ದೆ ತಲೆಯಲ್ಲಿ ಒಳಗೆ ಇಣುಕಿ, "ಡ್ಯಾಡ್, ಡಸ್ ದಟ್ ಐಲ್ಯಾಂಡ್ ಹ್ಯಾವ್ ವೈಫೈ?" ಎಂದು ಕೇಳಿ, ಉತ್ತರಕ್ಕೂ ಕಾಯದೆ ಓಡಿದಳು.

ಆಗ ಎದ್ದು ನಿಂತವರು ಒಬ್ಬ ಬಾಯಮ್ಮ; ಪೊರ್ಬುಗಳ ಹೆಂಗಸರನ್ನು ನಾವು ಕರೆಯುವುದು ಹಾಗೆ. ಅಬುಧಾಬಿಯ ಒಂದು ಆಸ್ಪತ್ರೆಯಲ್ಲಿ ನರ್ಸ್. ಇರುವುದು ಬೆಡ್‌ಸ್ಪೇಸಿನಲ್ಲಿ, ಒಂದು ಕೋಣೆಯಲ್ಲಿ ನಾಲ್ಕು ಜನರ ಜೊತೆ. ಫ್ಯಾಮಿಲಿ ವೀಸಾ ಇನ್ನೂ ಕೂಡಿಬಂದಿರಲಿಲ್ಲ. ಗಂಡ, ಒಂಬತ್ತು ವರ್ಷದ ಮಗಳು ಕುದ್ರುವಿನಲ್ಲೇ. ಸಭೆಯಲ್ಲಿ ಅವರು ಬಾಯಿ ಬಿಟ್ಟದ್ದು ಅದೇ ಮೊದಲು.

"ನನ್ನ ಮಗಳಿಗೆ ದಮ್ಮು ಉಂಟು. ಮಳೆಗಾಲದಲ್ಲಿ ಜೋರಾಗ್ತದೆ. ನೆರೆ ಬಂದ್ರೆ ದೋಣಿ ಬಿಡುದಿಲ್ಲ. ಹೋದ ವರ್ಷ ಎರಡು ದಿವಸ ಆಚೆ ದಾಟ್ಲಿಕ್ಕೆ ಆಗ್ಲಿಲ್ಲ. ನಂಗೆ ಸೇತುವೆ ಬೇಕು."

ಅಧ್ಯಕ್ಷರು ಕೈ ಎತ್ತಿದರು. "ಬಾಯಮ್ಮ, ನೀವು ಮಂಡೆಬಿಸಿ ಮಾಡ್ಬೇಡಿ. ಸಂಘದಿಂದ ಆಂಬುಲೆನ್ಸ್ ದೋಣಿ ಕೊಡ್ವ. ಸ್ಪೀಡ್ ಬೋಟ್!" ಚಪ್ಪಾಳೆ ಬಿತ್ತು. ಚಪ್ಪಾಳೆಯ ನಡುವೆ ಆಕೆ ಕೂತರೋ, ಕೂರಿಸಿದರೋ, ನಾನು ಗಮನಿಸಲಿಲ್ಲ. ಬಿರಿಯಾನಿ ಬಂದಿತ್ತು.

ಅರ್ಜಿ ಬರೆಯುವ ಕೆಲಸ ನನಗೆ ಬಿತ್ತು. ಹೇಳಿಕೊಳ್ಳಬಾರದು, ಚೆನ್ನಾಗಿ ಬರೆದೆ. ಬೆಳದಿಂಗಳು ಹಾಕಿದೆ, ಹುಟ್ಟಿನ ಸದ್ದು ಹಾಕಿದೆ, ಕಡವಿನಲ್ಲಿ ನಿಂತು ಕೂಗಿದರೆ ಆಚೆಯಿಂದ ಓಗೊಡುವ ಅಂಬಿಗನನ್ನು ಹಾಕಿದೆ. ಆ ಅಂಬಿಗ ದೋಣಿ ಮಾರಿ, ಮಗನ ಜೊತೆ ಶಾರ್ಜಾದಲ್ಲಿರುವುದನ್ನು ಬಿಟ್ಟೆ. ಗ್ರೂಪಿನಲ್ಲಿ ಓದಿದವರು ಹೆಂಗಸರು ಗಂಡಸರೆನ್ನದೆ ಅತ್ತರು. ಕೊನೆಗೆ, ಅಭ್ಯಾಸದಂತೆ, ಸದಸ್ಯರ ಪಟ್ಟಿ ಪೂರ್ತಿ ಅಂಟಿಸಿ, ಊರಿನಲ್ಲಿ ಸೇತುವೆ ಮಾಡುವ ಸರ್ಕಾರಿ ಆಫೀಸಿಗೆ ಕಳಿಸಿಬಿಟ್ಟೆ. ಆ ಪಟ್ಟಿಯಲ್ಲಿ ಒಬ್ಬರು ಸೇತುವೆ ಬೇಕೆಂದು ಎದ್ದು ನಿಂತು ಹೇಳಿದ್ದರು ಎಂಬುದು, ದೇವರಾಣೆ, ನನ್ನ ತಲೆಗೇ ಹೊಳೆಯಲಿಲ್ಲ.

ಆಂಬುಲೆನ್ಸ್ ದೋಣಿಯೂ ಹೋಯಿತು, ಸುಳ್ಳು ಹೇಳಬಾರದು. ಅದರ ಬದಿಗೆ ಅಧ್ಯಕ್ಷರ ಫೋಟೋ, ದೋಣಿಗಿಂತ ಒಂದು ಗೇಣು ಉದ್ದ. ಹೊಳೆಯ ನೀರು ಇಳಿತದ ಹೊತ್ತಿಗೆ ಅದು ಕೆಸರಿನಲ್ಲಿ ಹೂತು ಕೂರುತ್ತದೆ, ನೆರೆಯಲ್ಲಿ ಇಳಿಸಲು ಯಾರಿಗೂ ಧೈರ್ಯವಿಲ್ಲ. ಈಗ ಮದುವೆಗೆ ಮೊದಲಿನ ಫೋಟೋ ತೆಗೆಸಲು ಆಚೆ ದಡದ ಹುಡುಗ ಹುಡುಗಿಯರು ಅದರಲ್ಲಿ ಹತ್ತಿ ನಿಲ್ಲುತ್ತಾರೆ. ಫೋಟೋ ಚೆನ್ನಾಗಿ ಬರುತ್ತದಂತೆ.

ಮಳೆಗಾಲ ಬಂತು. ಒಂದು ಮಧ್ಯಾಹ್ನ ಬಾಯಮ್ಮ ಟೈಪಿಂಗ್ ಸೆಂಟರಿಗೆ ಬಂದರು. ಡ್ಯೂಟಿಯ ಬಟ್ಟೆಯಲ್ಲೇ ಇದ್ದರು. ವೀಸಾದ ಕೆಲಸವಿರಬೇಕೆಂದು ಕುರ್ಚಿ ತೋರಿಸಿದೆ. ಕೂರದೆ ಮೊಬೈಲನ್ನು ನನ್ನ ಮುಂದೆ ಹಿಡಿದರು. ನನ್ನದೇ ಅರ್ಜಿಯ ಫೋಟೋ. ಹದಿನೇಳನೆಯ ಹೆಸರಿನ ಕೆಳಗೆ ಯಾರೋ ಕೆಂಪು ಪೆನ್ನಿನಲ್ಲಿ ಗೆರೆ ಎಳೆದಿದ್ದರು.

"ನನ್ನ ಗಂಡ ಸೇತುವೆ ಯಾಕೆ ಬರ್ಲಿಲ್ಲ ಅಂತ ಕೇಳ್ಲಿಕ್ಕೆ ಆಫೀಸಿಗೆ ಹೋಗಿದ್ರು. ನಮ್ಮ ಸೇತುವೆ ಹೊಳೆಯ ಮೇಲಿನ ಇನ್ನೊಂದು ಕುದ್ರುವಿಗೆ ಹೋಯ್ತಂತೆ. ಇದನ್ನು ತೋರಿಸಿ, ನಿಮ್ಮ ಹೆಂಡತಿಯೇ ಬೇಡ ಅಂತ ಸಹಿ ಹಾಕಿದ್ದಾರಲ್ಲ, ಈಗ ನೀವು ಬಂದು ಬೇಕು ಅಂದ್ರೆ ಹೇಗೆ ಅಂತ ಕೇಳಿದ್ರಂತೆ." ಅವರ ದನಿ ಏರಲಿಲ್ಲ. "ನಾಲ್ಕು ದಿನ ಆಯ್ತು, ಅವ್ರು ನನ್ನ ಫೋನ್ ತೆಗೀತಾ ಇಲ್ಲ."

ಇನ್ನೊಂದು ಅರ್ಜಿ ಬರೆಯುತ್ತೇನೆ, ಈಗಲೇ ಬರೆಯುತ್ತೇನೆ ಎಂದು ಕೀಬೋರ್ಡ್ ಎಳೆದುಕೊಂಡೆ.

"ಬೇಡ, ಎಂತದೂ ಬರೀಬೇಡಿ," ಎಂದರು. "ನಿಮ್ಮ ಫೋನಿಂದ ಅವ್ರಿಗೆ ಮಾಡಿ. ನೀವು ಹಾಕಿದ್ದು ಅಂತ ಹೇಳಿ. ಅಷ್ಟು ಸಾಕು."

ಮಾಡಿದೆ. ಗಂಡ ಎತ್ತಿದರು. ಹಿಂದೆ ಹಂಚಿನ ಮೇಲೆ ಮಳೆ ಬೀಳುವ ಸದ್ದು. ನಾನು ಯಾರು, ಏನು ಮಾಡಿದೆ ಎಂದು ತೊದಲುತ್ತಾ ಹೇಳಿದೆ. ನಿಮ್ಮ ಮನೆಯವರಿಗೆ ಗೊತ್ತೇ ಇರಲಿಲ್ಲ, ಅವರು ಸಭೆಯಲ್ಲಿ ಸೇತುವೆ ಬೇಕೆಂದೇ ಹೇಳಿದ್ದು, ತಪ್ಪು ಪೂರಾ ನನ್ನದು ಎಂದೆ.

"ಓ, ನೀವಾ ಬರ್ದದ್ದು?" ಎಂದರು ಗಂಡ. "ಚಂದ ಬರ್ದಿದ್ದೀರಿ ಮಾರಾಯ್ರೇ. ಆಫೀಸಿನವ್ರು ನಂಗೆ ಓದಿ ಹೇಳಿದ್ರು. ದೋಣಿಯದ್ದೆಲ್ಲ ಭಾರೀ ಲಾಯ್ಕಲ್ಲಿ ಬರ್ದಿದ್ದೀರಿ. ಇವತ್ತು ನೆರೆ ಉಂಟು, ದೋಣಿ ಇಲ್ಲ. ನಿಲ್ಲಿ, ನೀವು ಇದನ್ನೂ ಒಮ್ಮೆ ಕೇಳಿ."

ಫೋನನ್ನು ಎಲ್ಲೋ ಹತ್ತಿರ ಹಿಡಿದರು. ಮಗು ಉಸಿರು ಎಳೆಯುತ್ತಿತ್ತು. ಎಳೆದಷ್ಟು ಸಿಗದೆ ಮತ್ತೆ ಎಳೆಯುವುದು, ನಡುವೆ ಸಣ್ಣ ಸಿಳ್ಳು. ಕೌಂಟರಿನ ಆಚೆ ಟೋಕನ್ ಹಿಡಿದು ಜನ ಕಾಯುತ್ತಿದ್ದರು. ಕಟ್ ಮಾಡುವ ಧೈರ್ಯ ನನಗೆ ಬರಲಿಲ್ಲ, ಕೇಳಿಸಿಕೊಂಡೆ.

ನನ್ನ ಮುಖ ನೋಡಿಯೇ ಆಕೆಗೆ ಗೊತ್ತಾಯಿತು. ನನ್ನ ಕೈಯಿಂದ ಫೋನು ಕಿತ್ತುಕೊಂಡು, ಕೊಂಕಣಿಯಲ್ಲಿ ಗಂಡನಿಗೆ ಬೇಗಬೇಗ ಏನೋ ಹೇಳಿದರು. ಆಮೇಲೆ ಸ್ಪೀಕರ್ ಒತ್ತಿ ಮೇಜಿನ ಮೇಲಿಟ್ಟು, ಎರಡೂ ಕೈ ಊರಿ ಅದರ ಮೇಲೆ ಬಾಗಿದರು. ಮಗಳ ಜೊತೆ ಆಡಿದ್ದು ಕನ್ನಡದಲ್ಲಿ. ನನಗೂ ಅರ್ಥವಾಗಲಿ ಎಂದೇ ಇರಬೇಕು.

"ಪುತಾ, ಮುಂದೆ ಬಾಗಿ ಕೂತ್ಕೋ. ದಿಂಬು ಮಡಿಲಲ್ಲಿ ಇಟ್ಕೋ. ದಮ್ಮಿನ ಪಂಪ್ ತಗೊಂಡ್ಯಾ? ಇನ್ನೊಮ್ಮೆ ತಗೋ. ಒಳಗೆ ಹಿಡಿ. ಹತ್ತರ ತನಕ ನಾನು ಎಣಿಸ್ತೇನೆ."

ಎಣಿಸಿದರು. ಮತ್ತೆ ಎಣಿಸಿದರು. ಎಷ್ಟು ಸಲವೋ ನನಗೆ ಲೆಕ್ಕ ತಪ್ಪಿತು. ಸಿಳ್ಳು ಸ್ವಲ್ಪ ತಗ್ಗಿದ ಮೇಲೆ ಮಗು ಮಾತಾಡಿತು. ಒಂದೊಂದು ಶಬ್ದಕ್ಕೂ ಒಂದೊಂದು ಉಸಿರು.

"ಮಮ್ಮಿ... ನಿಂಗೆ... ಸೇತುವೆ... ಬೇಡ್ವಾ?"

ಆಕೆ ನನ್ನನ್ನು ನೋಡಲಿಲ್ಲ. "ಬೇಕು ಪುತಾ," ಎಂದರು. "ಈಗ ಮಾತಾಡ್ಬೇಡ. ಉಸಿರು ತಗೋ."