ಗೋಡೌನ್ ಗೋಡೆಯ ಮೇಲೆ ಹಾಡಿದವರು

ಮೊನ್ನೆ ಪಕ್ಕದ ಮನೆಯವರು ಗೇಟಿಗೆ ಬಣ್ಣ ಹೊಡೆಸಿದರು. ಟರ್ಪೆಂಟೈನ್ ವಾಸನೆ ಮೂಗಿಗೆ ಬಡಿದದ್ದೇ ತಡ, ಆ ಬೋರ್ಡು ಬರೆಯುವವನು ನೆನಪಾದ. ಸತ್ತವರನ್ನೆಲ್ಲ ನೆನೆಯುತ್ತ ಕೂರುವ ಹೆಂಗಸು ನಾನಲ್ಲ. ಆದರೂ ಬಂದ...

ಅವನು ಕೊಟ್ಟಿಗೆಹಾರದವನು. ಹೋಟೆಲಿನ ಬೋರ್ಡು, ಲಾರಿಯ ಹಿಂದೆ ಹುಲಿ, ಕಮಲ ಬರೆದುಕೊಂಡಿದ್ದ. ನಾವು ಬಾಳೂರಿನ ಕಡೆ ಒಂದು ಕಾಫಿ ಎಸ್ಟೇಟಿನ ಕೂಲಿ ಲೈನಿನ ಮನೆಗಳಲ್ಲಿದ್ದೆವು. ಸಾಹುಕಾರರು ಆಗಷ್ಟೇ ಹೋಂಸ್ಟೇ ಶುರು ಮಾಡಿದ್ದರು. ಬಂದವರಿಗೆ ಕಾಣಲೆಂದು, ಕಾಫಿ ಒಣಗಿಸುವ ಕಣದ ಎದುರು, ಗೋಡೌನ್ ಗೋಡೆಯ ಮೇಲೆ ನಾವು ಹಾಡುವ ಚಿತ್ರ ಬರೆಯಲು ಅವನನ್ನು ಕರೆಸಿದರು. ಎರಡು ಲಾರಿ ಉದ್ದದ ಗೋಡೆ.

ಭಾನುವಾರ ಮಧ್ಯಾಹ್ನ ಕಣದಲ್ಲಿ ಕೂತು ಹಾಡುವ ಗುಂಪು ನಮ್ಮದು. ಒಬ್ಬನದು ತಮಟೆ, ಒಬ್ಬನದು ಹಾರ್ಮೋನಿಯಂ, ಹಾಡಲು ನಾವು ಹೆಂಗಸರು ನಾಲ್ವರು. ನನ್ನ ಅಕ್ಕ ಮುಂದಾಳು. ಕುಣಿಯುವಂಥ ಹಾಡು ಕಡಿಮೆ. ಗಂಡ ಬಿಟ್ಟದ್ದು, ಮಗು ಸತ್ತದ್ದು, ಬಿಡದ ಮಳೆ... ಇಂಥವೇ. ಅಕ್ಕನ ಎರಡು ಮಕ್ಕಳೂ ಹೋಗಿದ್ದವು. ಹಾಡಿನಲ್ಲಿ ಬಿಟ್ಟರೆ ಅವಳು ಅದರ ಮಾತೆತ್ತಿದವಳಲ್ಲ.

"ಸುಮ್ನೆ ಸಾಲಾಗಿ ನಿಲ್ತೀವಿ, ಬರ್ದು ಮುಗ್ಸು ಮಾರಾಯ" ಎಂದೆ ಮೊದಲ ದಿನ.

"ಸುಮ್ನೆ ನಿಂತ್ರೆ ರೇಷನ್ ಅಂಗ್ಡಿ ಮುಂದೆ ನಿಂತಂಗೆ ಕಾಣ್ತೀರಿ. ಹಾಡು ಮಾರಾಯ್ತಿ!"

ಆರು ಭಾನುವಾರ ಹಾಡಿದೆವು. ತಮಟೆಯ ಚರ್ಮ ಬೆಂಕಿಗೆ ಕಾದು ಬಿಗಿಯಾಗುವ ತನಕ ಅವನೂ ಬ್ರಷ್ ಮುಟ್ಟುತ್ತಿರಲಿಲ್ಲ. ಒಮ್ಮೆ ಅಕ್ಕ ಹಾಡುತ್ತಿದ್ದಾಗ ಅವನ ಕೈ ನಿಂತೇಹೋಯಿತು. ಗೋಡೆಯ ಕಡೆ ತಿರುಗಿ ಅಂಗಿಯ ತೋಳಲ್ಲಿ ಮೂಗು ಒರೆಸಿಕೊಂಡ. ಮುಖಕ್ಕೆಲ್ಲ ನೀಲಿ ಹತ್ತಿತು.

ಚಿತ್ರದ ನಡುವೆ ಅಕ್ಕ. ಕಣ್ಣು ಮುಚ್ಚಿ, ಬಾಯಿ ಅಷ್ಟಗಲ ತೆರೆದು, ಕತ್ತಿನ ನರ ಉಬ್ಬಿಸಿಕೊಂಡು. ಅಕ್ಕ ಬಹಳ ಹೊತ್ತು ನೋಡಿ "ಹೌದು, ನಾನೇ" ಎಂದಳು. ಅವಳದೊಂದು ಫೋಟೋ ಕೂಡ ಇರಲಿಲ್ಲ.

ಸಾಹುಕಾರರು ಹುಬ್ಬು ಗಂಟಿಕ್ಕಿದರು. "ಇದೇನೋ, ಸಾವಿನ ಮನೆ ಥರ! ಗೆಸ್ಟ್ ಬರೋ ಜಾಗ. ಎಲ್ರನ್ನೂ ನಗ್ಸು. ಇಲ್ಲಾಂದ್ರೆ ಸುಣ್ಣ ಹೊಡಿಸ್ತೀನಿ."

ಮರುದಿನವೇ ಅವನು ಎಲ್ಲರ ಮುಖಕ್ಕೂ ನಗು ಬರೆಯತೊಡಗಿದ. ನನಗೆ ಮೈಯುರಿಯಿತು.

"ಇಷ್ಟು ಬೇಗ ಬಾಲ ಅಲ್ಲಾಡಿಸ್ದೆಯಲ್ಲೋ!"

ಅವನು ಡಬ್ಬಿಯಲ್ಲಿ ಪುಡಿ ಬಣ್ಣ ಕಲೆಸುತ್ತಿದ್ದ. ಬಗ್ಗಿ ನೋಡಿದರೆ ಬರೀ ನೀರು, ಚೂರು ಗೋಂದು. ಅಡಿಯ ಚಿತ್ರವೆಲ್ಲ ಎಣ್ಣೆ ಬಣ್ಣದ್ದು.

"ಇದು ಎಷ್ಟ್ ದಿನ ನಿಲ್ತದೆ?"

"ಮಳೆ ಹಿಡಿಯೋ ತನಕ ನಿಂತ್ರೆ ಸಾಕು. ಬಾಯಿ ಬಿಡ್ಬೇಡ."

ಅಕ್ಕನಿಗೂ ಹೇಳಲಿಲ್ಲ. ಅವಳು ಆ ಗೋಡೆಯನ್ನು ನೋಡುವುದನ್ನೇ ಬಿಟ್ಟಿದ್ದಳು. ಮಳೆ ಹಿಡಿದ ನಾಲ್ಕನೇ ದಿನ ಕಣ ದಾಟುವಾಗ ತಟ್ಟನೆ ನಿಂತಳು. ಬರೆದ ನಗು ಕರಗಿ ಗಲ್ಲದಿಂದ ಸೀರೆಗೆ ಇಳಿಯುತ್ತಿತ್ತು. ಅಡಿಯ ಬಾಯಿ ಹಾಗೇ ತೆರೆದುಕೊಂಡಿತ್ತು. "ಕಳ್ಳ!" ಎಂದವಳೇ ನಗತೊಡಗಿದಳು. ಮಕ್ಕಳು ಹೋದ ಮೇಲೆ ಅವಳು ಹಾಗೆ ನಕ್ಕದ್ದು ನಾನು ಕಂಡಿರಲಿಲ್ಲ. ಬಂದ ಗೆಸ್ಟುಗಳು ಆ ಮುಖದ ಮುಂದೆಯೇ ನಿಂತು ಫೋಟೋ ತೆಗೆಸಿಕೊಂಡರು. ಸಾಹುಕಾರರು ಸುಣ್ಣದ ಮಾತು ಬಿಟ್ಟರು.

ಈಗ ಆ ಗೋಡೌನ್ ಇಲ್ಲ, ಅಕ್ಕನೂ ಇಲ್ಲ. ವಯಸ್ಸಾದವರು ಹೋಗುತ್ತಾರೆ, ಹಳೆ ಗೋಡೆ ಬೀಳುತ್ತದೆ. ಅದಕ್ಕೆ ನಾನು ಅಳುವುದಿಲ್ಲ. ಆದರೆ ಅವನು ಕಾಮಾಲೆಯಾಗಿ ಆ ಮಳೆಗಾಲ ಮುಗಿಯುವ ಮೊದಲೇ ಹೋದ. ಅಕ್ಕ ನಕ್ಕದ್ದು ಅವನಿಗೆ ಗೊತ್ತಾಗಲೇ ಇಲ್ಲ. ಬಸ್ಸು ಹತ್ತಿ ಹೋಗಿ ಒಂದು ಮಾತು ಹೇಳಿಬರಬಹುದಿತ್ತು. ಮಳೆ ಬಿಡಲಿ, ಆಮೇಲೆ ಹೋದರಾಯಿತು ಎಂದು ಕೂತೆ...